ಬಾವಿಕಲ್ಲಿನ ಸಾಸಿವೆ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಪ್ಪು ಯಾರದೆಂದು ಯಾರೂ ಹುಡುಕುವ ತೊಂದರೆ ತೆಗೆದುಕೊಳ್ಳಬಾರದು. ಗುಡೇಕೋಟೆ ಸೀಮೆಯ ಒಂದು ಊರಿನ ಹೆಂಗಸರು ಆ ಬೇಸಿಗೆಯಲ್ಲಿ ಮನೆ ಹತ್ತಿರದ ಬಾವಿ ಬಿಟ್ಟು, ಕರಡಿ ಓಡಾಡುವ ದಾರಿ ಹಿಡಿದು ನೀರಿಗೆ ಹೋಗಿದ್ದು ಬಾವಿ ಬತ್ತಿದ್ದರಿಂದಲ್ಲ, ನನ್ನ ನಾಲಿಗೆಯಿಂದ. ನಾಲಿಗೆ ಎಂದರೆ ಮಾತು ಎಂದುಕೊಳ್ಳಬೇಡಿ. ಮಾತಾಡಿದ್ದರೆ ಯಾರೂ ನಂಬುತ್ತಿರಲಿಲ್ಲ, ನನ್ನ ಮಾತಿಗೆ ಅಷ್ಟು ಬೆಲೆ ಯಾವತ್ತೂ ಇದ್ದಿಲ್ಲ. ನಾನು ಬರೀ ಟಿಕ್ ಟಿಕ್ ಎಂದಿದ್ದೆ.

ಹೋದ ವಾರ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಹಡಗಲಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದ ಗೂಡಂಗಡಿಯವನು ಮಂಡಕ್ಕಿ ಒಗ್ಗರಣೆಗೆ ಎಣ್ಣೆ ಕಾಯಿಸಿ ಒಂದು ಹಿಡಿ ಸಾಸಿವೆ ಚೆಲ್ಲಿದ. ಮೊದಲು ಒಂದು ಚಟ್ ಅಂದಿತು. ಆಮೇಲೆ ಸುಮ್ಮನಾಯಿತು. ಆಮೇಲೆ ಎರಡು ಒಟ್ಟಿಗೆ, ಮತ್ತೆ ಒಂದು, ಮತ್ತೆ ಏನೂ ಇಲ್ಲ, ಇದ್ದಕ್ಕಿದ್ದಂತೆ ನಾಲ್ಕೈದು. ಆ ಘಾಟಿಗೆ ಎಲ್ಲರೂ ಸೀನಿದರು. ನಾನು ಮಾತ್ರ ಕಣ್ಣು ಮುಚ್ಚಿ ಕೇಳುತ್ತ ಕೂತೆ. ಬಸ್ಸು ಬಂದು ಹೋಯಿತಂತೆ.

ಎಷ್ಟೋ ವರ್ಷದ ಹಿಂದಿನ ಮಾತು. ಆಗ ನಾನು ಬಿ.ಎಸ್ಸಿ. ಮುಗಿಸಿ ಹೊಸದಾಗಿ ಕೆಲಸವಿಲ್ಲದವನಾಗಿದ್ದೆ. ಹೆಸರು ಕೊಟ್ರೇಶಿ, ಕೊಟ್ಟೂರು ಗುರುವಿನ ಹೆಸರು. ನಮ್ಮ ಕಡೆ ತುಂಬಿದ ಬಸ್ಸಿನಲ್ಲಿ ‘ಕೊಟ್ರೇಶಿ’ ಎಂದು ಕೂಗಿದರೆ ಕಂಡಕ್ಟರನೂ ಸೇರಿ ಅರ್ಧ ಬಸ್ಸು ತಿರುಗಿ ನೋಡುತ್ತದೆ. ಹಾಗಾಗಿ ಗುರುತಿಗಿರಲಿ ಎಂದು, ಸಿಕ್ಕವರ ನಕಲು ಮಾಡುತ್ತಿದ್ದ ನನ್ನನ್ನು ಜನ ‘ನಕಲಿ ಕೊಟ್ರೇಶಿ’ ಎನ್ನುತ್ತಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿತದ್ದಕ್ಕಿಂತ ಭೌತಶಾಸ್ತ್ರದ ಮೇಷ್ಟ್ರ ಕೆಮ್ಮು ಕಲಿತದ್ದೇ ಹೆಚ್ಚು. ದೇಶದ ಅಣು ಸಂಶೋಧನಾ ಸಂಸ್ಥೆಯಿಂದ ನಮ್ಮ ಕಡೆಗೆ ಒಂದು ಸರ್ವೆ ಬಂದಿದೆ, ಊರಿನ ಮಾತು ಬಲ್ಲ ಡಿಗ್ರಿ ಹುಡುಗ ಬೇಕಂತೆ ಎಂದು ಕೇಳಿ ಕೂಡ್ಲಿಗಿಯ ಪ್ರವಾಸಿ ಮಂದಿರಕ್ಕೆ ಹೋದೆ. ಅಲ್ಲಿ ಕನ್ನಡಕ ಹಾಕಿದ್ದ, ತಲೆಗೂದಲು ಅಲ್ಲಲ್ಲಿ ಬೆಳ್ಳಗಾದ ಒಬ್ಬ ಹೆಂಗಸು ಕೂತಿದ್ದರು. ವಸುಧಾ ಮೇಡಂ, ಮೈಸೂರು ಕಡೆಯವರು, ಸಂಸ್ಥೆಯಲ್ಲಿ ರಿಯಾಕ್ಟರಿನ ಸುರಕ್ಷತೆ ನೋಡುವ ವಿಭಾಗದವರು. ‘ಹಿನ್ನೆಲೆ ವಿಕಿರಣ ಅಂದ್ರೇನು?’ ಎಂದು ಕೇಳಿದರು. ನಾನು ಗಾಬರಿಯಲ್ಲಿ ಮೇಷ್ಟ್ರ ದನಿಯಲ್ಲೇ, ಅವರ ಕೆಮ್ಮಿನ ಸಮೇತ ಒಪ್ಪಿಸಿದೆ. ಮೇಡಂ ನಗಲಿಲ್ಲ.

‘ಕೆಮ್ಮು ಬಿಟ್ಟು ಮತ್ತೊಮ್ಮೆ ಹೇಳಿ’ ಎಂದರು.

‘ಮತ್ತೊಮ್ಮೆ’ ಅವರ ಮಂತ್ರ. ಮೀಟರು ಒಂದು ಕಡೆ ಇಟ್ಟು ಓದಿದರೆ ಮತ್ತೊಮ್ಮೆ. ನಾನು ಓದಿದ್ದನ್ನು ಅವರು ನೋಡದೆ ಓದಿ, ಅವರು ಓದಿದ್ದನ್ನು ನಾನು ನೋಡದೆ ಓದಿ, ಎರಡೂ ಹೊಂದಿದರೂ ಮತ್ತೊಮ್ಮೆ. ಒಂದು ದಿನ ಜೀಪಿನ ಹಿಂದೆ ನಿಂತು ಡ್ರೈವರ್ ಖಾಜಾಸಾಬ್‌ಗೆ ಅವರ ನಕಲು ಮಾಡಿ ತೋರಿಸುತ್ತಿದ್ದೆ. ಹಿಂದಿನಿಂದ ದನಿ ಬಂತು. ‘ನಾನು ಅಷ್ಟು ಬೇಗ ಹೇಳಲ್ಲ. ಮತ್ತೊಮ್ಮೆ.’ ಕೊಟ್ಟೂರಿನ ಖಾಜಾಸಾಬ್ ಅವತ್ತಿನಿಂದ ಅವರ ಪರಮಭಕ್ತ.

ನಮ್ಮ ಕೆಲಸ ಹೇಳುವುದಕ್ಕೆ ಸುಲಭ. ಕೈಯಲ್ಲಿ ಹಿಡಿಯುವ ಒಂದು ಮೀಟರು. ಸುತ್ತಲ ನೆಲ, ಕಲ್ಲು, ಗೋಡೆಯಿಂದ ಬರುವ ವಿಕಿರಣ ಅದಕ್ಕೆ ತಾಗಿದಾಗೊಮ್ಮೆ ಟಿಕ್ ಎನ್ನುತ್ತದೆ. ಊರೂರಿಗೆ ಹೋಗಿ ಅದನ್ನು ಅಳೆಯುವುದು. ನಮ್ಮ ಸೀಮೆಯಲ್ಲಿ ಯಾವ ರಿಯಾಕ್ಟರೂ ಇಲ್ಲವಲ್ಲ, ಇಲ್ಲೇಕೆ ಎಂದು ನಾನು ಕೇಳಿದ್ದೆ. ಮೇಡಂ ಅಂದರು: ‘ಮದುವೆ ಮನೆ ಗದ್ದಲದಲ್ಲಿ ಕೂಸು ಅತ್ತರೆ ಕೇಳಿಸಬೇಕು. ಅದಕ್ಕೆ ಗದ್ದಲ ದಿನಾ ಎಷ್ಟಿರುತ್ತೆ ಅಂತ ಮೊದಲು ಗೊತ್ತಿರಬೇಕು. ನಾಳೆ ಎಲ್ಲೋ ಒಂದು ರಿಯಾಕ್ಟರಿನ ಬೇಲಿ ಹೊರಗೆ ಮೀಟರು ಜೋರಾಗಿ ಟಿಕ್ ಅಂದ್ರೆ, ಅದು ಅಲ್ಲಿನ ಕಲ್ಲಿನದೋ ನಮ್ಮ ತಪ್ಪಿನದೋ ಹೇಳೋಕೆ ಬರಬೇಕಲ್ವಾ? ಯಾವ ಕಲ್ಲು ಎಷ್ಟು ಮಾತಾಡುತ್ತೆ ಅಂತ ತಿಳಿಯೋಕೆ ದೇಶ ಪೂರ್ತಿ ತಿರುಗಬೇಕು.’

ಕಲ್ಲು ಮಾತಾಡುತ್ತದೆ ಎಂಬುದನ್ನು ನಾನು ಮೊದಲು ತಮಾಷೆ ಎಂದುಕೊಂಡೆ. ಹಿಂಗಾರಿ ಜೋಳದ ಕೊಯ್ಲಿನ ಹೊತ್ತಿಗೆ ಹಡಗಲಿ ಕಡೆಯ ಕಪ್ಪುಮಣ್ಣಿನ ಎರೆಹೊಲಗಳಲ್ಲಿ ನಿಂತಾಗ ಮೀಟರು ಉಂಡು ಮಲಗಿದವನ ಹಾಗೆ ಎಲ್ಲೋ ಒಮ್ಮೆ ಟಿಕ್ ಅನ್ನುತ್ತಿತ್ತು. ಆಮೇಲೆ ಕೋಗಳಿಗೆ ಹೋದೆವು. ಅಲ್ಲಿನ ಹಳೆಯ ಬಸದಿಯೊಳಗೆ ತಣ್ಣಗಿತ್ತು, ಬಾವಲಿ ವಾಸನೆ ಇತ್ತು. ಮೇಡಂ ಚಪ್ಪಲಿ ಬಿಟ್ಟು, ಮೀಟರನ್ನು ಕಲ್ಲಿನ ತೀರ್ಥಂಕರನ ಪಾದದ ಹತ್ತಿರ ಹಿಡಿದರು. ಟಿಕ್. ಟಿಕ್ ಟಿಕ್. ‘ಇದನ್ನ ಕಡೆದ ಶಿಲ್ಪಿ ಉಳಿ ಇಡೋ ಮೊದಲೂ ಹೀಗೇ ಇತ್ತು’ ಎಂದು ಪಿಸುದನಿಯಲ್ಲಿ ಅಂದರು. ‘ಬೆಟ್ಟದಲ್ಲಿದ್ದಾಗಲೂ ಹೀಗೇ. ಬೆಟ್ಟ ಕರಗಿದ ಬಂಡೆಯಾಗಿ ನೆಲದೊಳಗೆ ಇದ್ದಾಗಲೂ. ನಾವು ಕೇಳಿಸಿಕೊಳ್ತಿರೋದು ಇವತ್ತು, ಅಷ್ಟೆ. ನಿಮ್ಮ ಎಲುಬಿನಲ್ಲೂ ಇದೆ, ಈ ಮೀಟರಿಗೆ ಕೇಳದಷ್ಟು ಸಣ್ಣಗೆ.’

ಹಗರಿಬೊಮ್ಮನಹಳ್ಳಿಗೆ ವಾಪಸು ಬರುವ ತನಕ ನಾನು ಯಾರ ನಕಲೂ ಮಾಡಲಿಲ್ಲ. ಖಾಜಾಸಾಬ್ ಎರಡು ಸಲ ಕನ್ನಡಿಯಲ್ಲಿ ನೋಡಿ, ‘ಮೇಡಮ್ಮಾರ, ಹುಡುಗಗ ಜ್ವರ ಬಂದಾವೇನು ನೋಡ್ರಿ’ ಎಂದ.

ಹುಣಸೆಹಣ್ಣು ಬಡಿಯುವ ಕಾಲಕ್ಕೆ ಗುಡೇಕೋಟೆ ಗುಡ್ಡಗಳಿಗೆ ಬಂದೆವು. ಎಲ್ಲಿ ನೋಡಿದರೂ ಬಂಡೆಯ ಮೇಲೆ ಬಂಡೆ, ನಡುವೆ ಕುರುಚಲು, ಬಂಡೆಯ ಸಂದಿಗಳಲ್ಲಿ ಕರಡಿ. ಮೀಟರಿನ ನಿದ್ದೆ ಇಲ್ಲಿ ಬಿಟ್ಟಿತು. ಎರೆನೆಲಕ್ಕಿಂತ ಕಲ್ಲುನಾಡು ಹೆಚ್ಚು ಟಿಕ್ ಅನ್ನುವುದು ಸಹಜ, ಅದರಲ್ಲಿ ಹೆದರುವಂಥದ್ದೇನಿಲ್ಲ ಎಂದು ಮೇಡಂ ಹೇಳಿದ್ದರು. ಅದನ್ನು ನಾನು ಊರಿನವರಿಗೆ ಹೇಳಬೇಕಿತ್ತು. ನನ್ನನ್ನು ಇಟ್ಟುಕೊಂಡದ್ದೇ ಅದಕ್ಕೆ.

ಗುಡ್ಡದ ಬುಡದ ಆ ಸಣ್ಣ ಊರಿನಲ್ಲಿ ಎಲ್ಲರಿಗೂ ಒಂದೇ ಬಾವಿ. ಅದರ ಬಾಯಿಯ ಒಂದು ಬದಿಗೆ ದೊಡ್ಡ ಚಪ್ಪಡಿ, ಚಪ್ಪಡಿಯ ಅಂಚಿನಲ್ಲಿ ಹಗ್ಗ ಉಜ್ಜಿ ಆದ ಗೀರುಗಳು. ಪಕ್ಕದ ಹುಣಸೆಮರದ ನೆರಳಲ್ಲಿ ಹೆಂಗಸರು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದರು. ಅವರಿಗೆಲ್ಲ ಹಿರಿಯಳು ದುರುಗಮ್ಮ. ಅವಳ ಸೊಸೆ ರೇಣುಕಾ ಚೊಚ್ಚಲ ಬಸುರಿ. ನಾನು ಹೋದ ಮೊದಲ ದಿನವೇ ಅವರನ್ನು ನಗಿಸಿದೆ. ತಲೆಯ ಮೇಲೆ ಇಲ್ಲದ ಕೊಡ ಇಟ್ಟುಕೊಂಡು, ಕತ್ತು ನೆಟ್ಟಗೆ ಮಾಡಿ, ಒಂದು ಕೈ ಸೊಂಟದಲ್ಲಿ, ಸೆರಗು ಹಲ್ಲಲ್ಲಿ ಕಚ್ಚಿ ನಡೆದು ತೋರಿಸಿದೆ. ‘ಥೇಟ್ ನಮ್ಮ ದುರುಗಕ್ಕ ನೋಡ್ರಲೇ’ ಎಂದು ಹೆಂಗಸರು ಬಿದ್ದು ಬಿದ್ದು ನಕ್ಕರು. ದುರುಗಮ್ಮನೂ ನಕ್ಕಳು. ‘ಇವನ ಬಾಯಿಗೆ ಹುಣಸಿಹಣ್ಣು ತುರುಕ್ರಿ’ ಎಂದಳು.

ಮೂರನೇ ಸಲ ಹೋದಾಗ ಮೇಡಂ ನೀರಿನ ಮಾದರಿ ಹಿಡಿಯುವ ಬಾಟಲಿ ತರಲು ಜೀಪಿಗೆ ಹೋದರು. ಮೀಟರು ನನ್ನ ಕೈಯಲ್ಲಿತ್ತು, ಬ್ಯಾಟರಿ ಉಳಿಸಲು ಆರಿಸಿಟ್ಟಿದ್ದೆ. ರೇಣುಕಾ ಕೊಡ ತುಂಬಿಕೊಂಡು ನಿಂತವಳು ಕೇಳಿದಳು. ‘ಅಣ್ಣಾ, ನಮ್ಮ ಬಾವಿ ಏನಂತೈತಿ?’

ಕೇಳಿಯೇ ಬಿಟ್ಟಳಲ್ಲ. ಆರಿದ ಮೀಟರನ್ನು ಚಪ್ಪಡಿಯ ಮೇಲೆ ಹಿಡಿದು, ಮುಖ ಆಚೆ ತಿರುಗಿಸಿ, ಅಂಗುಳಕ್ಕೆ ನಾಲಿಗೆ ಹಚ್ಚಿ ಟಿಕ್ ಅಂದೆ. ಟಿಕ್ ಟಿಕ್ ಅಂದೆ. ಬಾವಿಯೊಳಗೆ ಬಗ್ಗಿಸುತ್ತ ಹೋದ ಹಾಗೆ ಟಿಕಟಿಕಟಿಕ ಎಂದು ಓಡಿಸಿದೆ. ಕಣ್ಣನ್ನೂ ದೊಡ್ಡದು ಮಾಡಿದೆನೋ ಏನೋ. ನಗುತ್ತಾರೆ ಎಂದು ತಿರುಗಿ ನೋಡಿದರೆ ನಗಲು ಯಾರೂ ಇರಲಿಲ್ಲ. ಹಿಂದಿನ ವರ್ಷ ಮರಳುಗಾಡಿನಲ್ಲಿ ನಮ್ಮವರು ಬಾಂಬು ಪರೀಕ್ಷೆ ಮಾಡಿದ್ದನ್ನು ಊರಿನ ಒಂದೇ ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದರು. ಅಣು ಎಂದರೆ ಅವರಿಗೆ ಅದೊಂದೇ. ರೇಣುಕಾ ತುಂಬಿದ ಕೊಡವನ್ನು ಅಲ್ಲೇ ಬೋರಲು ಹಾಕಿ ಹೊಟ್ಟೆ ಹಿಡಿದುಕೊಂಡು ಮನೆ ಕಡೆ ನಡೆದಿದ್ದಳು.

ಮೇಡಂ ಬಂದಾಗ ಬಾವಿಯ ಹತ್ತಿರ ಹುಣಸೆಬೀಜವೂ ನಾನೂ ಮಾತ್ರ ಇದ್ದೆವು.

ಹೇಳಿದೆ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: ‘ಮೀಟರು ಆನ್ ಇತ್ತಾ?’ ಇರಲಿಲ್ಲ ಎಂದೆ. ಅವರು ಆನ್ ಮಾಡಿ ಚಪ್ಪಡಿ ಅಳೆದರು, ಮತ್ತೊಮ್ಮೆ ಅಳೆದರು. ಆ ಸೀಮೆಯ ಯಾವ ಬಂಡೆಯೂ ಅನ್ನುವಷ್ಟೇ ಟಿಕ್. ಬಾಟಲಿಗೆ ನೀರು ಹಿಡಿದು ಮುಚ್ಚಳ ಬಿಗಿದರು. ಆಮೇಲೆ ಇಬ್ಬರೂ ದುರುಗಮ್ಮನ ಮನೆಗೆ ಹೋದೆವು. ಕಟ್ಟೆಯ ಮೇಲೆ ಆಗಲೇ ಊರೆಲ್ಲ ಸೇರಿತ್ತು. ನಾನು ನಿಂತು, ಅದು ನಾನೇ ಬಾಯಲ್ಲಿ ಮಾಡಿದ ಸದ್ದು, ಮೀಟರು ಆರಿತ್ತು ಎಂದು ಒಪ್ಪಿಕೊಂಡೆ. ನನ್ನ ಜೀವಮಾನದಲ್ಲಿ ಅಷ್ಟು ಖರೇ ಮಾತು ಆಡಿದ್ದು ಅದೇ ಮೊದಲು.

ದುರುಗಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಮುಂಜಾನಿ ಮೀಟರ್ ಆಗಿದ್ದಿ. ಈಗ ಖರೇ ಮನಷ್ಯಾ ಆಗೀದಿ. ಸಂಜಿಗೆ ಏನಾಗ್ತೀಯೋ ತಮ್ಮಾ, ಯಾರಿಗ್ಗೊತ್ತು?’

ಯಾರೂ ನಂಬಲಿಲ್ಲ. ಬಾವಿ ಕೆಟ್ಟಿದೆ, ಗೊತ್ತಾದ ಮೇಲೆ ಮುಚ್ಚಿಹಾಕಲು ಹುಡುಗನ ಕೈಲಿ ಸುಳ್ಳು ಹೇಳಿಸುತ್ತಿದ್ದಾರೆ ಎಂದು ಯಾರೋ ಹಿಂದಿನಿಂದ ಅಂದರು. ಒಳಬಾಗಿಲಲ್ಲಿ ನಿಂತಿದ್ದ ರೇಣುಕಾ ಮೇಡಂ ಮುಖ ನೋಡುತ್ತ ಕೇಳಿದಳು. ‘ಏಳು ತಿಂಗಳು ಇದ ನೀರು ಕುಡ್ದೀನ್ರಿ. ಕೂಸು ಒದಿತೈತ್ರಿ. ಚಲೋ ಇದ್ದು ಒದಿತೈತೋ, ಏನರ ಆಗಿ ಒದಿತೈತೋ?’

ಅವಳ ದನಿ ನನಗೆ ಇವತ್ತಿಗೂ ಹಾಗೇ ಕೇಳುತ್ತದೆ. ನಕಲು ಮಾಡಲು ಒಮ್ಮೆಯೂ ಮನಸ್ಸು ಬಂದಿಲ್ಲ.

ದುರುಗಮ್ಮ ಒಳಗಿಂದ ಒಂದು ಚರಿಗೆ ನೀರು ತಂದು ಮೇಡಂ ಮುಂದೆ ಹಿಡಿದಳು. ‘ನಮ್ಮ ಬಾವಿ ನೀರ್ರಿ. ಚಲೋ ಐತಿ ಅಂತೀರಲ್ಲ, ನೀವೊಂದ್ ಗುಟುಕು ಕುಡೀರಿ. ನಾವೂ ಕುಡೀತೀವಿ. ಮುಗೀತು.’

ಮೇಡಂ ಚರಿಗೆ ಇಸಕೊಂಡರು. ನಾನು ಮನಸ್ಸಿನಲ್ಲೇ ಕೊಟ್ಟೂರು ಗುರುವಿಗೆ ಕೈ ಮುಗಿದೆ. ಅವರು ನೀರನ್ನೊಮ್ಮೆ ನೋಡಿ ಚರಿಗೆಯನ್ನು ಕಟ್ಟೆಯ ಮೇಲಿಟ್ಟರು.

‘ಕುಡಿಯಲ್ಲಮ್ಮ’ ಎಂದರು. ‘ಚೆನ್ನಾಗಿದೆ ಅಂತಲೂ ನಾನು ಹೇಳಿಲ್ಲ. ಕಲ್ಲು ಚೆನ್ನಾಗಿದೆ, ಅದು ಗೊತ್ತು. ನೀರಿನಲ್ಲಿ ಕರಗಿರೋದು ಈ ಮೀಟರಿಗೆ ಕೇಳಲ್ಲ. ನಾನು ಒಂದು ಗುಟುಕು ಕುಡಿದು ಹೋಗೋಳು, ನಿಮ್ಮ ಸೊಸೆ ದಿನಾ ಕುಡಿಯೋಳು. ನನಗೆ ಏನೂ ಆಗಲಿಲ್ಲ ಅನ್ನೋದು ಅವಳಿಗೆ ಉತ್ತರ ಅಲ್ಲ. ನೀರು ನಮ್ಮ ಪ್ರಯೋಗಾಲಯಕ್ಕೆ ಹೋಗಿ ಬರೋ ತನಕ ಅನುಮಾನ ಇಟ್ಟುಕೊಳ್ಳಿ. ಅಲ್ಲಿವರೆಗೆ ಊರಾಚೆ ಕೆಳಗಿನ ತೋಟದ ಬಾವಿ ಬಳಸಿ, ಅದರ ನೀರು ಮೊದಲೇ ಪರೀಕ್ಷೆ ಆಗಿದೆ.’

ಜೀಪು ಹತ್ತಿದ ಮೇಲೆ ನನಗೆ ತಡೆಯಲಾಗಲಿಲ್ಲ. ಒಂದು ಗುಟುಕು ಕುಡಿದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತಲ್ಲ ಮೇಡಂ, ಎಂದೆ. ಅವರು ನೀರಿನ ಬಾಟಲಿಯನ್ನು ಮಡಿಲಲ್ಲಿ ನೆಟ್ಟಗೆ ಇಟ್ಟುಕೊಂಡರು.

‘ನಮ್ಮ ಕಂಟ್ರೋಲ್ ರೂಮಿನಲ್ಲಿ ಒಂದು ಪದ್ಧತಿ ಇದೆ. ಅಲ್ಲಿ ಕೂತ ಯಾರಿಗೇ ಅನುಮಾನ ಬಂದರೂ ರಿಯಾಕ್ಟರು ನಿಲ್ಲಿಸಬಹುದು. ದೊಡ್ಡವರನ್ನು ಕೇಳಬೇಕಾಗಿಲ್ಲ. ಅನುಮಾನ ಸುಳ್ಳು ಅಂತ ಆಮೇಲೆ ಗೊತ್ತಾದರೂ ಅವನನ್ನು ಬಯ್ಯೋ ಹಾಗಿಲ್ಲ. ಬೈದರೆ ಮುಂದಿನ ಸಲ ಯಾರೂ ನಿಲ್ಲಿಸಲ್ಲ. ಇವತ್ತು ಆ ಹೆಂಗಸರು ನಿಲ್ಲಿಸಿದ್ದಾರೆ.’

‘ಹಂಗಾದ್ರ ನನ್ನೂ ಬಯ್ಯಂಗಿಲ್ಲೇನ್ರಿ?’ ಎಂದೆ, ಆಸೆಯಿಂದ.

‘ನಿಮ್ಮನ್ನು ಬಯ್ಯಬಹುದು. ನೀವು ಅನುಮಾನ ಪಡಲಿಲ್ಲ, ಹುಟ್ಟಿಸಿದಿರಿ.’

ಖಾಜಾಸಾಬ್ ಕೂಡ್ಲಿಗಿ ಬರುವ ತನಕ ಸಂಸ್ಥೆಯ ಪರವಾಗಿ ಆ ಕೆಲಸ ಮಾಡಿದ.

ಮರುದಿನದಿಂದ ಹೆಂಗಸರು ಕೆಳಗಿನ ತೋಟದ ಬಾವಿಗೆ ಹೊರಟರು. ದಾರಿ ಕುರುಚಲು ಬಂಡೆಗಳ ನಡುವೆ. ನಸುಕಿನಲ್ಲಿ ಅಲ್ಲಿ ಕರಡಿ ಇರುತ್ತದೆಂದು ಬಿಸಿಲೇರಿದ ಮೇಲೆ ಗುಂಪಾಗಿ, ತಂಬಿಗೆ ಬಡಿಯುತ್ತ ಹೋಗುತ್ತಿದ್ದರು. ನಾವು ಆ ಕಡೆ ಹೋದ ದಿನ ಜೀಪಿನಲ್ಲಿ ಕೊಡ ಸಾಗಿಸುತ್ತಿದ್ದೆವು. ಹೋಗದ ದಿನ ದುರುಗಮ್ಮ ಸೊಸೆಯ ಪಾಲಿನದೂ ಸೇರಿಸಿ ಎರಡೆರಡು ಸಲ ಹೊರುತ್ತಿದ್ದಳು.

ಅದನ್ನು ನೋಡಲಾರದೆ ನಾನೇ ಮೇಡಂಗೆ ಹೇಳಿದೆ, ಸದ್ದು ನನ್ನದು ಅನ್ನೋದನ್ನಾದರೂ ಊರಿಗೆ ತೋರಿಸೋಣ ಎಂದು. ಬಾವಿಯ ಹತ್ತಿರ ಖಾಜಾಸಾಬ್ ಮತ್ತು ಒಬ್ಬ ಕುರಿಗಾಹಿ ಕಂಬಳಿ ಅಡ್ಡ ಹಿಡಿದರು. ಕಂಬಳಿಯ ಹಿಂದೆ ಚಪ್ಪಡಿಯ ಮೇಲೆ ಮೀಟರು, ಅದರ ಪಕ್ಕ ನಾನು. ಮುಂದೆ ಹೆಂಗಸರು. ಒಮ್ಮೆ ಮೀಟರು, ಒಮ್ಮೆ ನಾನು, ಯಾವುದು ಯಾವುದೆಂದು ಅವರು ಹೇಳಬೇಕು. ಒಳಗೊಳಗೆ ನನಗೆ ಜಂಬ. ಹರಪನಹಳ್ಳಿಯ ಪ್ರಿನ್ಸಿಪಾಲರ ದನಿಯಲ್ಲಿ ಒಮ್ಮೆ ಕಾಲೇಜಿಗೇ ರಜೆ ಕೊಟ್ಟವನು ನಾನು, ಈ ಡಬ್ಬಿ ಯಾವ ಲೆಕ್ಕ?

ಮೀಟರು ತನ್ನಷ್ಟಕ್ಕೆ ಟಿಕ್ ಅಂದಿತು. ಅದನ್ನು ಆರಿಸಿ ನಾನು ಅಂದೆ. ಸರದಿ ಅದಲು ಬದಲು ಮಾಡಿದೆವು.

‘ಎರಡನೇದು ಇವಂದು’ ಎಂದಳು ದುರುಗಮ್ಮ ಆಚೆಯಿಂದ.

ಮತ್ತೆ ಮಾಡಿದೆವು. ‘ಮದಲಿಂದು ಇವಂದು.’ ಈ ಸಲ ಹೇಳಿದ್ದು ರೇಣುಕಾ. ಮೂರನೆಯ ಸಲಕ್ಕೆ ಹೆಂಗಸರೆಲ್ಲ ಒಟ್ಟಿಗೇ ಕೂಗಿದರು. ನಾನು ಬೇಕೆಂದೇ ತಾಳ ತಪ್ಪಿಸಿದೆ, ನಡುನಡುವೆ ಉಸಿರು ಹಿಡಿದೆ. ಆಗಲೂ ಸಿಕ್ಕಿಬಿದ್ದೆ. ಕಂಬಳಿ ಇಳಿಯಿತು. ಮೇಡಂ ದುರುಗಮ್ಮನನ್ನು ಹೇಗೆ ಗೊತ್ತಾಯಿತು ಎಂದು ಕೇಳಿದರು.

‘ದಿನಾ ಒಗ್ಗರಣಿ ಹಾಕೋರಿಗೆ ಗೊತ್ತಾಗಂಗಿಲ್ಲೇನ್ರಿ? ಸಾಸಿವಿ ಎಲ್ಲ್ಯರ ಸಾಲು ಹಿಡದು ಸಿಡೀತಾವೇನು? ಆ ಡಬ್ಬಿದು ಸಾಸಿವಿ ಸಿಡದಂಗ ಐತಿ. ಇವಂದು ನೋಡ್ರಿ, ಒಂದ್ ಸಲ ಗಡಿಯಾರ, ಒಂದ್ ಸಲ ಕುಂಟೆತ್ತು.’

ಮೇಡಂ ಅಂದು ಮೊದಲ ಸಲ ನಕ್ಕಿದ್ದನ್ನು ನಾನು ನೋಡಿದೆ. ಬಾವಿಕಟ್ಟೆಯ ಮೇಲೆ ಕೂತು ಅವರು ನಿಧಾನವಾಗಿ ಹೇಳಿದರು. ಕಲ್ಲಿನೊಳಗೆ ಎಣಿಸಲಾರದಷ್ಟು ಅಣುಗಳಿವೆ. ಅವುಗಳಲ್ಲಿ ಕೆಲವು ಜಾತಿಯವು ಒಂದೊಂದಾಗಿ ಸಿಡಿಯುತ್ತವೆ. ಯಾವುದು ಯಾವಾಗ ಸಿಡಿಯುತ್ತದೆ ಎಂದು ಯಾರೂ ಹೇಳಲಾರರು, ಅವರ ಸಂಸ್ಥೆಯವರೂ ಹೇಳಲಾರರು, ಆ ಅಣುವಿಗೇ ಗೊತ್ತಿರುವುದಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. ‘ಈಗ ಬಂದ ಟಿಕ್‌ಗೆ ಹಿಂದಿನ ಟಿಕ್ಕಿನ ನೆನಪಿಲ್ಲ. ನಿಮಗೆ ನೆನಪಿದೆ. ತಪ್ಪಿಸಬೇಕು ಅಂದರೂ ಹಿಂದಿನದನ್ನು ನೆನೆಸಿಕೊಂಡೇ ತಪ್ಪಿಸ್ತೀರಿ. ಅದಕ್ಕೇ ಸಿಕ್ಕಿಬಿದ್ದಿರಿ.’

ಅವತ್ತು ಮಧ್ಯಾಹ್ನ ನಾನು ಆ ಚಪ್ಪಡಿಗೆ ಅಂಗೈ ಹಚ್ಚಿ ಬಹಳ ಹೊತ್ತು ಕೂತೆ. ಬಿಸಿಲಿಗೆ ಕಾದಿತ್ತು. ಹಗ್ಗದ ಗೀರು ಬೆರಳಿಗೆ ಸಿಕ್ಕಿತು. ಯಾರನ್ನಾದರೂ ಒಂದು ಗಳಿಗೆ ನೋಡಿದರೆ ಸಾಕು, ಅವರ ನಡೆ, ಕೆಮ್ಮು, ಸಿಟ್ಟು ನನಗೆ ಬಂದುಬಿಡುತ್ತಿತ್ತು. ಜಗತ್ತೆಲ್ಲ ಹಾಗೆಯೇ, ಎರಡು ಸಲ ಕೇಳಿದರೆ ಮೂರನೆಯದು ನನ್ನದು ಎಂದುಕೊಂಡಿದ್ದೆ. ಈ ಕಲ್ಲು ಲೋಕ ಹುಟ್ಟಿದಂದಿನಿಂದ ಮಾತಾಡುತ್ತಿದೆ, ಆಡಿದ್ದನ್ನು ಮತ್ತೊಮ್ಮೆ ಆಡಿಲ್ಲ. ನನಗೆ ನಾಚಿಕೆಗಿಂತ ಹೆಚ್ಚಾಗಿ, ಕೋಗಳಿಯ ಬಸದಿಯಲ್ಲಿ ಆದಂತೆ, ಮೈ ಜುಮ್ಮೆಂದಿತು.

ಸದ್ದು ನನ್ನದೆಂದು ಊರು ಒಪ್ಪಿತು. ಆದರೆ ನೀರಿಗೆ ಯಾರೂ ಮರಳಲಿಲ್ಲ. ‘ಕಲ್ಲಿನ ಮಾತು ತಿಳೀತು. ನೀರಿನ ಮಾತು ಇನ್ನಾ ಬರಬೇಕಲ್ಲ’ ಎಂದಳು ದುರುಗಮ್ಮ. ಮೇಡಂ ತಲೆಯಾಡಿಸಿದರು. ತಾವು ಕಲಿಸಿದ್ದನ್ನೇ ತಮಗೆ ತಿರುಗಿಸಿ ಹೇಳಿದ ಶಿಷ್ಯೆಯನ್ನು ಕಂಡ ಮೇಷ್ಟ್ರ ಮುಖ ಅವರದಾಗಿತ್ತು.

ನೀರಿನ ಮಾತು ಬರಲು ಯುಗಾದಿ ಕಳೆಯಿತು. ಕೂಡ್ಲಿಗಿಯ ಎಸ್‌ಟಿಡಿ ಬೂತಿನಲ್ಲಿ ಮೇಡಂ ಫೋನು ಹಿಡಿದು ನಿಂತಿದ್ದರು. ನಾನೂ ಖಾಜಾಸಾಬೂ ಗಾಜಿಗೆ ಮೂಗು ಹಚ್ಚಿದ್ದೆವು. ಅವರು ಕೇಳಿದರು, ಬರೆದುಕೊಂಡರು, ‘ಮತ್ತೊಮ್ಮೆ’ ಅಂದರು. ಆಮೇಲೆ ಬೇರೆ ಯಾರನ್ನೋ ಕರೆಸಿ ಅವರಿಂದಲೂ ಓದಿಸಿದರು. ಹೊರಗೆ ಬಂದು ಕನ್ನಡಕ ಒರೆಸಿಕೊಂಡು ಎರಡೇ ಪದ ಹೇಳಿದರು. ‘ಧಾರಾಳವಾಗಿ ಕುಡಿಯಬಹುದು.’ ಖಾಜಾಸಾಬ್ ಗುಡೇಕೋಟೆ ದಾರಿಯಲ್ಲಿ ಜೀಪು ಓಡಿಸಿದ ಪರಿಗೆ ರಿಯಾಕ್ಟರಿನ ಸುರಕ್ಷತೆಯವರು ಕಣ್ಣು ಮುಚ್ಚಿ ಕೂತಿದ್ದರು.

ಬಾವಿಯ ಹತ್ತಿರ ಊರೆಲ್ಲ ಬಂತು. ರೇಣುಕಾ ಈಗ ಕೂತು ಏಳುವುದಕ್ಕೂ ಗೋಡೆ ಹಿಡಿಯುತ್ತಿದ್ದಳು. ಮೇಡಂ ಅವಳನ್ನು ಪಕ್ಕ ಕೂರಿಸಿಕೊಂಡು, ನೀರಿನಲ್ಲಿ ಏನೇನು ನೋಡಿದರು, ಎಷ್ಟಿರಬಹುದು, ಎಷ್ಟಿದೆ ಎಂದು ಬಿಡಿಸಿ ಹೇಳಿದರು. ರೇಣುಕಾ ಎಲ್ಲ ಕೇಳಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ‘ಹಂಗಾದ್ರ ಸುಮ್ನ ಒದಿತೈತಿ ಬಿಡ್ರಿ, ಅವರಪ್ಪನಂಗ’ ಎಂದಳು. ಹುಣಸೆಮರದ ಕೆಳಗೆ ಬಹಳ ದಿನದ ಮೇಲೆ ನಗು ಕೇಳಿತು.

ದುರುಗಮ್ಮ ಹಗ್ಗ ಬಿಟ್ಟು ನೀರು ಸೇದಿದಳು. ಚರಿಗೆ ತುಂಬಿ ಮೇಡಂ ಕಡೆ ಚಾಚಿದಳು. ‘ಈಗಾರ ಕುಡೀತೀರೇನ್ರಿ?’

‘ಈಗ ಕುಡೀತೀನಿ’ ಎಂದರು ಮೇಡಂ. ‘ಬಾಯಾರಿದೆ.’ ಎತ್ತಿದ ಚರಿಗೆ ಖಾಲಿಯಾಗುವ ತನಕ ಇಳಿಸಲಿಲ್ಲ.

ಎಲ್ಲ ಸರಿಹೋಯಿತಲ್ಲ, ನನಗೆ ಸುಮ್ಮನಿರಲು ಆಗಬೇಕಲ್ಲ. ದುರುಗಮ್ಮ ಕೊಡ ತುಂಬಿ ಚಪ್ಪಡಿಯ ಮೇಲಿಟ್ಟು, ತಲೆಗಿಡಲು ಬಟ್ಟೆಯ ಸಿಂಬಿ ಸುತ್ತುತ್ತಿದ್ದಳು. ನಾನು ಮೆಲ್ಲಗೆ ಹಿಂದೆ ಹೋಗಿ, ಕೊಡದ ಪಕ್ಕ ಬಗ್ಗಿ, ಎಷ್ಟೋ ದಿನ ಗುಟ್ಟಾಗಿ ಸಾಧನೆ ಮಾಡಿದ್ದ ಹೊಸ ಟಿಕ್ ಟಿಕ್ ಒಂದನ್ನು ಬಿಟ್ಟೆ. ಸಾಲಿಲ್ಲ, ತಾಳವಿಲ್ಲ, ಥೇಟ್ ಸಾಸಿವೆ ಎಂದೇ ನನ್ನ ನಂಬಿಕೆ.

ದುರುಗಮ್ಮ ತಿರುಗಿಯೂ ನೋಡಲಿಲ್ಲ. ಸಿಂಬಿಯನ್ನು ತನ್ನ ತಲೆಯ ಬದಲು ನನ್ನ ತಲೆಯ ಮೇಲಿಟ್ಟಳು, ಅದರ ಮೇಲೆ ಕೊಡ ಎತ್ತಿ ಇಟ್ಟಳು. ತಣ್ಣನೆಯ ನೀರು ತುಳುಕಿ ನನ್ನ ಬೆನ್ನಿಗಿಳಿಯಿತು.

‘ಕಲ್ಲಿಂದು ನಿನಗ ಬರಂಗಿಲ್ಲ, ಬಿಡು ತಮ್ಮಾ’ ಎಂದಳು. ‘ನಮ್ಮ ನಡಿಗಿ ಚಲೋ ಮಾಡ್ತಿದ್ದಿ. ಅವತ್ತು ಕೊಡ ಇದ್ದಿದ್ದಿಲ್ಲ ನೋಡು. ಈಗ ಮಾಡು, ಮನೀ ತನಕ.’